ಬೀಗ ಒಡೆದವರು ಹತ್ತೊಂಬತ್ತು ಮಂದಿ

ಹೊನ್ನೆಬೇಲೆ, ಕ್ರಿ.ಶ. ೨೧೬೧
ಮರುಬಿಸಿಲಿನ ಹನ್ನೆರಡನೆಯ ದಿನ

ನೂರಮೂವತ್ತು ವರ್ಷ ಹಿಂದಿರುವ ಹಿರಿಯರಿಗೆ,

ಮರುಬಿಸಿಲು ನಮ್ಮ ಏಳನೆಯ ಋತು. ನಿಮಗೆ ಆರೇ ಇದ್ದವಂತೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ನಾನು ತುಳಸು ಹರಿಕಂತ್ರ. ಅಳಿವೆಯ ನೀರುತೋಟದಲ್ಲಿ ಬಳಚು ಎಂಬ ಚಿಪ್ಪುಮೀನು ಬೆಳೆಯುವವಳು. ಹೊಳೆ ಕಡಲು ಸೇರುವಲ್ಲಿ ಹಗ್ಗ ಕಟ್ಟಿ ಚೌಕ ಮಾಡಿದ ಕೆಸರನ್ನು ನೀರುತೋಟ ಅನ್ನುತ್ತೇವೆ. ಇಳಿತದ ಹೊತ್ತಿಗೆ ಸೊಂಟದವರೆಗಿನ ನೀರಿಗಿಳಿದು, ಚಿಪ್ಪು ಎಷ್ಟು ಬಲಿತಿದೆಯೆಂದು ಕಾಲ್ಬೆರಳಿನಿಂದಲೇ ತಿಳಿಯುತ್ತೇವೆ. ಊರಿನ ನಲವತ್ತು ಮನೆಗಳ ಬದುಕು ಅದರ ಮೇಲೆಯೇ.

ನನ್ನ ತಂಗಿ ಮಾದೇವಿ ಕಡಲೊಳಗಿನ ಎಣ್ಣೆಬಾವಿಯ ಕಟ್ಟೆಯಲ್ಲಿ ತಪಾಸಣೆಯ ಕೆಲಸಕ್ಕಿದ್ದಳು. ಬಾವಿ ಉಕ್ಕಿದರೆ ತಾನಾಗಿ ಮುಚ್ಚಿಕೊಳ್ಳಬೇಕಾದ ಕವಾಟ ಮೂರು ಪರೀಕ್ಷೆಯಲ್ಲೂ ಅರ್ಧಕ್ಕೇ ನಿಂತಿತೆಂದು ಅವಳು ಬರೆದು ಕಳಿಸಿದಳು. ಮಳೆಗಾಲ ಕಳೆಯಲಿ ಎಂದು ಮೇಲಿನವರು ಉತ್ತರಿಸಿದರು. ಹೋದ ವರ್ಷದ ಆ ಮಳೆಗಾಲ ಕಳೆಯುವ ಮೊದಲೇ ಬಾವಿ ಸಿಡಿಯಿತು. ಮಾದೇವಿ ಹದಿನಾರು ಜನರನ್ನು ದೋಣಿಗಿಳಿಸಿದಳಂತೆ. ಅವಳು ಮಾತ್ರ ಬರಲಿಲ್ಲ.

ಅಳುವುದಕ್ಕೂ ಬಿಡುವಿರಲಿಲ್ಲ. ಎಣ್ಣೆ ದಡದತ್ತ ಬರುತ್ತಿತ್ತು. ಅದನ್ನು ತಡೆಯುವ ತೇಲುಬೇಲಿ, ಅಂದರೆ ನೀರಿನ ಮೇಲೆ ಹಾಸುವ ಉದ್ದನೆಯ ರಬ್ಬರು ಬೇಲಿ, ನಮ್ಮ ಬಂದರಿನ ಗೋದಾಮಿನಲ್ಲೇ ಇತ್ತು. ಅದನ್ನು ಹೊರತೆಗೆಯಲು ರಾಜಧಾನಿಯ ಅನುಮತಿ ಬೇಕೆಂದು ಅಧಿಕಾರಿ ಬೀಗ ತೆಗೆಯಲಿಲ್ಲ. ನಾಲ್ಕು ದಿನ ಬಾಗಿಲಲ್ಲಿ ಕುಳಿತೆವು. ಐದನೆಯ ಬೆಳಿಗ್ಗೆ ಅಳಿವೆಯ ಬಾಯಿ ಕಪ್ಪಾಗಿತ್ತು. ಇನ್ನೆರಡು ದಿನ ತಡೆಯಿರಿ ಎಂದರು ಅವರು.

"ಸಾಹೇಬ್ರೆ, ತಡೀಲಿಕ್ಕೆ ಎಣ್ಣೆಗೆ ಹೇಳಿ. ನಾವಂತೂ ತಡಿಯೂದಿಲ್ಲ" ಎಂದು ಹೇಳಿ ಹಾರೆ ಎತ್ತಿದೆ.

ಹತ್ತೊಂಬತ್ತು ಹೆಂಗಸರು ಬೇಲಿ ಎಳೆದುಕೊಂಡು ಹೋಗಿ ದಡದ ಉಪ್ಪುಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿಗೆ ಕಟ್ಟಿದೆವು. ತೆಂಕಣ ತೋಟ ಉಳಿಯಿತು. ಬಡಗಣದಲ್ಲಿ ಬಳಚು ಬಾಯಿ ತೆರೆದು ಸತ್ತವು. ಅಲ್ಲಿ ಇಂದಿಗೂ ಯಾರೂ ಇಳಿಯುತ್ತಿಲ್ಲ.

ಕವಾಟದ ವಿಚಾರಣೆ ಇನ್ನೂ ಶುರುವಾಗಿಲ್ಲ. ಬೀಗದ್ದು ಮುಗಿಯಿತು. ತಪ್ಪಾಯಿತೆಂದು ಬರೆದುಕೊಟ್ಟರೆ ಬಿಡುತ್ತೇವೆ ಎಂದರು. ಒಬ್ಬಳೂ ಬರೆಯಲಿಲ್ಲ. ಒಡೆದವರು ಯಾರೆಂದು ನ್ಯಾಯಾಧೀಶರು ಕೇಳಿದಾಗ ಹತ್ತೊಂಬತ್ತೂ ಮಂದಿ ಎದ್ದು ನಿಂತೆವು. ಆರು ತಿಂಗಳ ಸಜೆಯಾಯಿತು. ಈ ಪತ್ರ ಬರೆಯುತ್ತಿರುವುದು ಜೈಲಿನಿಂದಲೇ.

ನಿಮ್ಮ ಕಡಲಿಗೆ ಬಾವಿ ಕೊರೆಯಲು ಬಂದವರಿಗೆ, ಕವಾಟವನ್ನು ನಮ್ಮೆದುರು ಪೂರ್ತಿ ಮುಚ್ಚಿ ತೋರಿಸಿ ಎನ್ನಿ. ಆಮೇಲೆ ನೋಡೋಣ ಎಂದವರ ಹಡಗು ದಡ ಬಿಡದಿರಲಿ. ಹಿರಿಯರಾದ ನಿಮಗೆ ಕೈಮುಗಿಯುತ್ತೇನೆ. ಇದೊಂದನ್ನು ಮಾತ್ರ ಬೇಡುತ್ತಿಲ್ಲ, ಕೈ ಕೆಳಗಿಳಿಸಿ ಕೇಳುತ್ತಿದ್ದೇನೆ.

ತುಳಸು