ಮೂಲೆಯ ಎಲೆ

ಮಲಿಂಡಾ,

ಪಾತ್ರೆ ತೊಳೆದಿಟ್ಟು, ಎಂದಿನಂತೆ ಅಮ್ಮನಿಗಾಗಿ ಹನ್ನೆರಡು ಸೂಜಿಗೆ ಹಸಿರು ದಾರ ಪೋಣಿಸಿದೆ. ಅವಳನ್ನು ಗುರುವಾರವೇ ಮಣ್ಣು ಮಾಡಿದೆವೆಂಬುದು ಹನ್ನೆರಡನೆಯ ಸೂಜಿಗೆ ಬಂದಾಗ ನೆನಪಾಯಿತು. ಅವನ್ನು ನೀನು ಬಳಸಿಕೋ.

ಅಂದು ಬಂದವರು ಕೂರಲೆಂದು ತಂದ ಬೆಂಚುಗಳನ್ನು ಬೈಲರ್ ಅವರ ಮನೆಗೆ ಮುಟ್ಟಿಸಲು ಅಪ್ಪನ ಜೊತೆ ಕುದುರೆಗಾಡಿಯಲ್ಲಿ ಹೊರಟಿದ್ದೇನೆ. ಕೋಳಿ ಸಾರು ಒಲೆಯ ಮೇಲಿದೆ.

ನಿನ್ನ ಮದುವೆಯ ಕೌದಿಯ ಮೇಲೆ ಇನ್ನು ನಾಲ್ಕು ಬಟ್ಟೆಯ ಎಲೆ ಹೊಲಿಯಬೇಕು. ದಾರ ಎಲೆಯ ಬಣ್ಣಕ್ಕೆ ಹೊಂದಬೇಕು, ಕೆಳಗಿನ ಬಟ್ಟೆಯ ಬಣ್ಣಕ್ಕಲ್ಲ. ಅದೇ ಹಸಿರು ಸಿಗದಿದ್ದರೆ ತುಸು ಕಪ್ಪಾದದ್ದನ್ನು ತೆಗೆದುಕೋ, ತಿಳಿ ಬಣ್ಣ ಎದ್ದು ಕಾಣುತ್ತದೆ. ಅಂಚಿಗೆ ಸಣ್ಣ ನೂಲೇ ಇರಲಿ. "ದಾರ ಯಾರಿಗೆ ತೋರಿಸ್ಬೇಕೇ, ಜಂಬಗಾತಿ?" ಎಂದು ಅಮ್ಮ ಛೇಡಿಸುತ್ತಿದ್ದಳಲ್ಲ.

ಮೂಲೆಯ ಎಲೆಯನ್ನು ಅವಳು ಹೊಲಿದದ್ದು ಪದರ ಕೂಡಿಸುವ ದಪ್ಪ ಬಿಳಿ ದಾರದಲ್ಲಿ. ಆ ವೇಳೆಗೆ ಅವಳಿಗೆ ಬಣ್ಣ ತಿಳಿಯುತ್ತಿರಲಿಲ್ಲ. ನಾನು ಪಕ್ಕದಲ್ಲೇ ಕುಳಿತು ನೋಡಿದೆ, ಹೇಳಲಿಲ್ಲ.

ನಿನ್ನೆ ನೀನು, "ಎಲೆ ಮೇಲೆ ಹುಳ ಹರಿದ ಹಾಗಿದೆ ಕಣೇ, ಬಿಚ್ಚಿ ಹೊಲಿಯೋಣ" ಅಂದೆ. ಆಗಲೂ ಸುಮ್ಮನಿದ್ದೆ.

ಚಿಕ್ಕ ಕತ್ತರಿ ಡಬ್ಬಿಯಲ್ಲೇ ಇದೆ. ಬಚ್ಚಿಡೋಣವೆನಿಸಿತು, ಬಚ್ಚಿಡಲಿಲ್ಲ.

ಆ ಎಲೆಯನ್ನು ಬಿಚ್ಚಬೇಡ.

ವರ್ನಾ