ಸಜ್ಜೆಯ ಕಪ್ಪು ಕಾಳು

ಕಕ್ಕಿಂಜೆ
14-11-2025, ಶುಕ್ರವಾರ

ಪ್ರೀತಿಯ ಇವರಿಗೆ, ನಿಮ್ಮ ಆಫ್ರಾಳ ಸಲಾಂ.

ರಜೆ ಮುಗಿಸಿ ಹೋಗಿ ಒಂದೂವರೆ ತಿಂಗಳಾಯಿತು, ಬೆನ್ನುನೋವು ಹೇಗುಂಟು? ಎಸಿಯ ಕೆಳಗೆ ಮಲಗಬೇಡಿ ಎಂದರೆ ಕೇಳುವವರಲ್ಲ ನೀವು. ಇಲ್ಲಿ ನಿಮ್ಮ ಉಮ್ಮನಿಗೆ ಸಕ್ಕರೆ ಏರಿದೆ, ಬಾಕಿ ಕ್ಷೇಮ. ಫೋನ್ ಮಾಡಿದರೆ ಉಮ್ಮ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂರುತ್ತಾರೆ. ಮೆಸೇಜ್ ಹಾಕಿದರೆ ನೀವು ಒಂದು ಹೆಬ್ಬೆರಳು ಕಳಿಸಿ ಸುಮ್ಮನಾಗುತ್ತೀರಿ. ಅದಕ್ಕೇ ಇವತ್ತು ಸೌದಿಗೆ, ನೀವಿರುವ ದಮ್ಮಾಮಿಗೆ ಹೊರಟ ಅಬ್ದುಲ್ ನಾಸಿರಾಕನ ಕೈಯಲ್ಲಿ ಈ ಕಾಗದ.

ನಿಮ್ಮ ತಮ್ಮ ಸಾಬಿತ್ ಕಟ್ಟಿಕೊಂಡ ಲೆಕ್ಚರರಮ್ಮನ ಸುದ್ದಿ ಹೇಳುತ್ತೇನೆ. ಶಿಫಾನಾ ಮೂಡಬಿದ್ರಿಯಲ್ಲಿ ಇತಿಹಾಸ ಪಾಠ ಮಾಡಿದ್ದು ಸಾಲದೆ ಈಗ ನಮ್ಮ ಅಡುಗೆಮನೆಯಲ್ಲೂ ಶುರುಮಾಡಿದ್ದಾಳೆ. ಉಮ್ಮನಿಗೆ ಅನ್ನ ಕಡಿಮೆ ಮಾಡಿ ಸಜ್ಜೆ ರೊಟ್ಟಿ ಕೊಡಿ ಎಂದರು ಡಾಕ್ಟರು. ಬೆಳ್ತಂಗಡಿ ಸಂತೆಯಲ್ಲಿ ಘಟ್ಟದ ಮೇಲಿನವನೊಬ್ಬನಿಂದ ತಂದೆ. ಕುಚ್ಚಲಕ್ಕಿ ತಿಂದು ಬೆಳೆದವಳಿಗೆ ಸಜ್ಜೆಯ ಕುಲಗೋತ್ರ ಏನು ಗೊತ್ತು? ನಡುವೆ ಸಣ್ಣ ಕಪ್ಪು ಕಾಳುಗಳಿದ್ದವು. ಕರಿಜೀರಿಗೆ ಎಂದುಕೊಂಡೆ. ಸಾವೊಂದನ್ನು ಬಿಟ್ಟು ಎಲ್ಲದಕ್ಕೂ ಅದು ಮದ್ದು ಎಂದು ಮದ್ರಸದಲ್ಲಿ ಕಲಿತದ್ದಲ್ಲವೇ, ಪುಕ್ಕಟೆ ಬರ್ಕತ್ ಎಂದು ಆರಿಸದೆ ಅರ್ಧದಷ್ಟನ್ನು ಹಿಟ್ಟಿನ ಮಿಲ್ಲಿಗೆ ಕೊಟ್ಟೆ. ತಟ್ಟಿದರೆ ರೊಟ್ಟಿ ಒಡೆಯುತ್ತದೆ. ಒಡೆದದ್ದನ್ನು ಉಮ್ಮನ ಮುಂದಿಟ್ಟರೆ ಮಾತು ಕೇಳಬೇಕು. ಐದು ದಿನ ಒಡೆದದ್ದೆಲ್ಲ ನಾನೊಬ್ಬಳೇ ತಿಂದೆ. ಆರನೆಯ ದಿನ ದುಂಡಗೆ ಒಂದು ಎದ್ದಿತು.

ಅದೇ ಆದಿತ್ಯವಾರ ಅವಳು ಬಂದಳು. ಡಬ್ಬಿಯಲ್ಲಿ ಉಳಿದ ಸಜ್ಜೆ ನೋಡಿದವಳೇ ಉಮ್ಮನ ಕೈಯಿಂದ ತಟ್ಟೆ ಕಿತ್ತುಕೊಂಡಳು. ಅದು ಕರಿಜೀರಿಗೆ ಅಲ್ಲವಂತೆ, ತೆನೆಗೆ ಹಿಡಿಯುವ ಬೂಷ್ಟಿನ ಗಂಟಂತೆ. ಹಿಂದೆ ಯುರೋಪಿನಲ್ಲಿ ಅಂಥ ಧಾನ್ಯದ ರೊಟ್ಟಿ ತಿಂದು ಊರಿಗೆ ಊರೇ ಮೈಯುರಿಯಿಂದ ಕಿರುಚಿತ್ತಂತೆ, ಬೆರಳುಗಳು ಕಪ್ಪಾಗಿ ಉದುರಿದ್ದವಂತೆ, ಬಸುರಿಯರ ಗರ್ಭ ಇಳಿದಿತ್ತಂತೆ, ಜನ ದೇವರ ಶಾಪ ಎಂದಿದ್ದರಂತೆ. ನಮ್ಮ ದೇಶದಲ್ಲೂ ರಾಜಸ್ಥಾನದ ಕಡೆ ಸಜ್ಜೆ ತಿಂದು ಹಳ್ಳಿಯವರು ತಲೆತಿರುಗಿ ವಾಂತಿ ಮಾಡಿ ಬಿದ್ದಿದ್ದರಂತೆ. ಉಮ್ಮ ಅವಳ ತಲೆ ಸವರಿ, “ಓದಿದ ಹೆಣ್ಣು ಮನೆಯಲ್ಲಿದ್ದರೆ ಡಾಕ್ಟರೇ ಬೇಡ ಮಾರಾಯ್ತಿ” ಎಂದರು. ನನ್ನ ದುಂಡಗಿನ ರೊಟ್ಟಿ ತೆಂಗಿನ ಬುಡದ ಹೊಂಡಕ್ಕೆ ಹೋಯಿತು.

ನನಗೆ ಹೊಟ್ಟೆಕಿಚ್ಚು ಉಂಟು, ಸುಳ್ಳು ಯಾಕೆ ಹೇಳಲಿ? ಅವಳಿಗೆ ಓದು ಉಂಟು, ಕೆಲಸ ಉಂಟು, ಬಂದ ವರ್ಷವೇ ಮಗುವೂ ಆಯಿತು. ಏಳು ವರ್ಷದಿಂದ ನನ್ನ ಪಾಲಿಗಿದ್ದದ್ದು ಈ ಅಡುಗೆಮನೆ ಒಂದೇ. ಅದರಲ್ಲೂ ಈಗ ಅವಳ ಮಾತೇ ಮಾತು. ನೀವು ತಿಂದಿದ್ದೀರಾ ಅತ್ತಿಗೆ ಎಂದು ಎರಡು ಸಲ ಕೇಳಿದಳು. ನಾನೇನು ದಡ್ಡಿಯಾ, ಇಲ್ಲ ಎಂದೆ.

ಊಟ ಬಿಡಬೇಡಿ. ಸೃಷ್ಟಿಸಿದ ಅಲ್ಲಾಹು ನಿಮ್ಮನ್ನು ತಂಪಾಗಿಡಲಿ.

ನಿಮ್ಮ
ಆಫ್ರಾ

ತಾ.ಕ.: ನಾಸಿರಾಕನ ಕಾರು ಬಂತು. ನಾನು ಬಸುರಿ, ಎರಡು ತಿಂಗಳು. ಉಮ್ಮನಿಗೂ ಹೇಳಿಲ್ಲ. ಬೆಳಿಗ್ಗೆ ವಾಂತಿ ಬಂದರೆ ಮಗುವಿಂದಲೋ ಸಜ್ಜೆಯಿಂದಲೋ ಗೊತ್ತಾಗುವುದಿಲ್ಲ. ಇದು ಕೈಸೇರಿದ ಕೂಡಲೇ ಶಿಫಾನಾಳಿಗೆ ಫೋನ್ ಮಾಡಿ, ಐದು ದಿನ ತಿಂದವಳು ಏನು ಮಾಡಬೇಕು ಎಂದು ಕೇಳಿ. ಯಾರೋ ಗೆಳೆಯನ ಹೆಂಡತಿ ಎನ್ನಿ. ಬೇಡ, ನಾನೇ ಎನ್ನಿ.