ಗಜಲ್ ಆಲ್ಬಮಿನ ಬಗ್ಗೆ ನನ್ನ ಹಳೆಯ ಅಭಿಪ್ರಾಯ

ಡಿಸೆಂಬರ್ ೧೧, ಗುರುವಾರ

ಉಲ್ಲಾಸ ನನ್ನನ್ನು ಬಿಟ್ಟುಹೋದದ್ದಕ್ಕಿಂತ, ಹೋಗುವಾಗ ನನ್ನ ಮಾತುಗಳನ್ನೂ ಕೊಂಡೊಯ್ದದ್ದು ಹೆಚ್ಚು ನೋಯುತ್ತಿದೆ.

ಸಂಜೆ ಶಿರಸಿಯಿಂದ ಬರುವ ಬಸ್ಸಿನಲ್ಲಿ ಅವನು ತನುಜಾಳೊಡನೆ ನನ್ನ ಮುಂದಿನ ಸೀಟಿನಲ್ಲಿ ಕುಳಿತಿದ್ದ. ಇಯರ್‌ಫೋನಿನ ಒಂದು ತುದಿ ಅವನ ಕಿವಿಯಲ್ಲಿ, ಇನ್ನೊಂದು ಅವಳ ಕಿವಿಯಲ್ಲಿ. ಕಳೆದ ವರ್ಷವಿಡೀ ಆ ಇನ್ನೊಂದು ತುದಿ ನನ್ನದಾಗಿತ್ತು. ಆಲ್ಬಮ್ ಮುಗಿಯುವವರೆಗೆ ಯಾರೂ ಬಾಯಿ ತೆರೆಯಬಾರದೆಂಬ ನಿಯಮ ಮಾಡಿದವಳೂ ನಾನೇ.

“ಈ ಭಾವಗೀತೆ ಆಲ್ಬಮಲ್ಲಿ ಕವಿಗಿಂತ ಮೊದ್ಲು ಪಿಟೀಲೇ ಅಳ್ತದೆ,” ಎಂದ. ಅದು ನನ್ನ ಮಾತು. ರ‍್ಯಾಪ್‌ನಲ್ಲಿ ಸಿಟ್ಟಿಗಿಂತ ಡ್ರಮ್ಮಿನ ಸದ್ದೇ ಹೆಚ್ಚು ಎಂದನಲ್ಲ, ಅದೂ ನನ್ನದೇ.

“ನಿಂಗೆ ಎಷ್ಟೆಲ್ಲ ಗೊತ್ತಾಗ್ತದೆ ಮಾರಾಯ,” ಎಂದಳು ತನುಜಾ. “ಆ ಗಜಲ್ ಆಲ್ಬಮ್ ಹೆಂಗದೆ?”

“ಅದಾ? ಬರೀ ನಾಟ್ಕ. ಪ್ರೀತಿ ಹೋಯ್ತು ಅಂತ ಯಾರೂ ಅಷ್ಟು ಹೊತ್ತು ಅಳೂದಿಲ್ಲ.”

ತರಗತಿಯಲ್ಲಿ ನನ್ನ ಉತ್ತರಗಳನ್ನು ನಕಲು ಮಾಡಿದವರನ್ನು ನಾನೆಂದೂ ದೂರಿದವಳಲ್ಲ. ನಮ್ಮೂರು ಕೋಲಸಿರ್ಸಿ ಬಂದಾಗ ತಲೆಯೆತ್ತಿಕೊಂಡೇ ಇಳಿದೆ.

ಊಟದ ನಂತರ ಆ ಗಜಲ್‌ಗಳನ್ನು ಒಬ್ಬಳೇ ಕುಳಿತು, ಎರಡೂ ಕಿವಿಗಳಲ್ಲಿ ಕೇಳಿದೆ. ಗಾಯಕಿ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾಳೆ. ಪ್ರತಿ ಸಲವೂ ಅದು ಬೇರೊಂದು ಕಡೆ ಮುರಿಯುತ್ತದೆ. ಅದು ನಾಟಕವಲ್ಲ. ನನ್ನ ಅಭಿಪ್ರಾಯವೇ ತಪ್ಪಾಗಿತ್ತು, ಅವನು ಇನ್ನೂ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದಾನೆ. ತಿದ್ದೋಣವೆಂದು ಫೋನಿನಲ್ಲಿ ಅವನ ಹೆಸರು ತೆರೆದೆ. ಒಂದು ವಾಕ್ಯ ಬರೆದೆ, ಅಳಿಸಿದೆ. ಈಗ ನನಗೆ ಅನ್ನಿಸಿದ್ದನ್ನು ಅವನಿಗೆ ಹೇಳಿಬಿಟ್ಟರೆ, ನಾಳೆ ಬಸ್ಸಿನಲ್ಲಿ ಅದನ್ನೂ ಅವಳಿಗೆ ತನ್ನದೇ ಮಾತೆಂಬಂತೆ ಹೇಳುತ್ತಾನೆ.